ಅರವತ್ತನಾಲ್ಕನೆಯ ತೊಟ್ಟಿಯ ಕೆಂಪು ದಾರ

ಲಾಯ್ ಸುಲಾನಳ ಕತೆ ಹೇಳಬೇಕಾದರೆ ಅವಳ ಕಣ್ಣಿನಿಂದಲೇ ಶುರು ಮಾಡಬೇಕು. ಇಲ್ಲದಿದ್ದರೆ ಶುನ್‌ವು ಸೀಮೆಯ ಜನ ಒಪ್ಪುವುದಿಲ್ಲ. ಸಂತೆಯಲ್ಲಿ ಬಟ್ಟೆಯವನು ಎರಡು ಥಾನು ಬಿಚ್ಚಿ, "ಎರಡೂ ಒಂದೇ ನೀಲಿ ಕಣಕ್ಕ" ಅಂದರೆ ಸಾಕು, ಸುಲಾನ್ ಕಣ್ಣು ಕಿರಿದು ಮಾಡಿ, "ಇದು ನಾಲ್ಕು ಸಲ ಅದ್ದಿದ್ದು, ಅದು ಮೂರೇ ಸಲ. ಯಾರಿಗೆ ಟೋಪಿ ಹಾಕ್ತೀಯಪ್ಪ?" ಅನ್ನುವಳು. ಬಟ್ಟೆಯವನು ತಲೆ ಕೆರೆದುಕೊಂಡು ಬೆಲೆ ಇಳಿಸುವನು.

ಆ ಕಣ್ಣು ಅಪ್ಪನಿಂದ ಬಂದದ್ದು. ಅವಳಪ್ಪ ನೀಲಿ ಬಣ್ಣ ಹಾಕುವವನು. ಹುಳಿ ಬಂದ ನೀಲಿಯ ನಾತ ಯಾರಿಗೂ ಬೇಡವಾಗಿ, ಲಾಯ್ ಮನೆತನದ ದೊಡ್ಡ ಮನೆಯ ಎಲ್ಲಕ್ಕಿಂತ ಹೊರಗಿನ ಸುತ್ತಿನಲ್ಲಿ, ಕಟ್ಟಕಡೆಯ ಕೋಣೆಯನ್ನು ಅವನಿಗೆ ಕೊಟ್ಟಿದ್ದರು. ಆ ಸೀಮೆಯಲ್ಲಿ ಮನೆ ಅಂದರೆ ಹಾಗೆಯೇ: ನಡುವೆ ಹಿರಿಯರ ಹಜಾರ, ಅದರ ಬೆನ್ನ ಹಿಂದೆ ಲಾಳದಂತೆ ಬಾಗಿದ ಕೋಣೆಗಳ ಸುತ್ತು, ಅದರಾಚೆ ಇನ್ನೊಂದು ಸುತ್ತು. ಮಕ್ಕಳು ಮೊಮ್ಮಕ್ಕಳಾಗಿ ಜಾಗ ಸಾಲದಾದಾಗ ಹೊರಗೆ ಮತ್ತೊಂದು ಸುತ್ತು ಕಟ್ಟುವುದು. ಸುಲಾನಳ ಮುತ್ತಜ್ಜ ಹುಟ್ಟಿದಾಗ ಎರಡಿದ್ದವಂತೆ. ಅವಳು ಹುಟ್ಟುವ ಹೊತ್ತಿಗೆ ನಾಲ್ಕು. ಹುಡುಗಿಯಾಗಿದ್ದಾಗ ಅವಳು ಅಪ್ಪನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಬಟ್ಟೆ ಅದ್ದುವಳು. ದೀಪದ ಬೆಳಕಲ್ಲಿ "ಅಪ್ಪಾ, ಬಣ್ಣ ಹತ್ತಿತು" ಅಂದರೆ ಅಪ್ಪ ತಲೆಯೆತ್ತದೆ ಗೊಣಗುವನು: "ಬಾಗಿಲಿಗೆ ತಗೊಂಡ್ಹೋಗಿ ನೋಡು." ಅಷ್ಟೇ. ಅಪ್ಪನ ಮಾತು ಅಷ್ಟಕ್ಕಿಂತ ಉದ್ದ ಇದ್ದದ್ದೇ ಇಲ್ಲ.

ಅಪ್ಪ ಹೋದ. ಗಿರಣಿ ಬಟ್ಟೆ ಬಂತು. ನೀಲಿಯ ಗುಡಾಣಗಳಲ್ಲಿ ಉಪ್ಪಿನ ಸೊಪ್ಪು ಹಾಕಿದರು. ಸುಲಾನ್ ಮದುವೆಯಾಗಿ ಪಕ್ಕದ ಕಣಿವೆಗೆ ಹೋದಳು. ಎಂಬತ್ತರ ದಶಕ ಶುರುವಾದಾಗ ಊರ ಸುತ್ತಲಿನ ಕೆಂಪು ಗುಡ್ಡದ ಮಣ್ಣಿನಲ್ಲಿ ಎಂಥದೋ ಅಪರೂಪದ ಲೋಹಗಳಿವೆ ಅಂತ ಸರ್ಕಾರದವರು ಬಂದರು. ಹೆಂಗಸರೆಲ್ಲ ಗುಡ್ಡಕ್ಕೆ ಹೋಗಿ, ಮೊಣಕಾಲುದ್ದ ನೀರಲ್ಲಿ ನಿಂತು, ಉಪ್ಪುನೀರಲ್ಲಿ ಮಣ್ಣು ತೊಳೆದರು. ಸುಲಾನಳೂ ತೊಳೆದಳು, ಒಂಬತ್ತು ವರ್ಷ. ಕಾಲಿನ ಬೆರಳ ಸಂದಿಯೆಲ್ಲ ಬಿರಿದು ಚಳಿಗಾಲದಲ್ಲಿ ನಡೆಯುವುದೇ ಕಷ್ಟ. ಹಾಗಿರುವಾಗ ನದಿಯಾಚೆಯ ಕಾರ್ಖಾನೆಯಲ್ಲಿ ಹೊಸ ಸಾಲು ಹಾಕುತ್ತಾರೆ, ಹನ್ನೆರಡು ಹೆಂಗಸರು ಬೇಕು, ಬಣ್ಣ ಗುರುತಿಸಬಲ್ಲವರಿರಲಿ ಅಂತ ಸುದ್ದಿ ಬಂತು. ಸುಲಾನಳನ್ನು ಕೇಳದೆಯೇ ಅವಳ ಹೆಸರನ್ನು ಹತ್ತು ಜನ ಹೇಳಿಬಿಟ್ಟಿದ್ದರು. ಆಗ ಅವಳಿಗೆ ನಲವತ್ತನಾಲ್ಕು.

ಹೊಸ ಸಾಲು ಅಂದರೆ ನೂರಿಪ್ಪತ್ತು ತೊಟ್ಟಿ. ಒಂದರ ಪಕ್ಕ ಒಂದು, ದನದ ಕೊಟ್ಟಿಗೆಯ ಬಾನಿಗಳ ಹಾಗೆ, ಉದ್ದಕ್ಕೂ. ಪ್ರತಿ ತೊಟ್ಟಿಯ ಒಂದು ಮೂಲೆಯಲ್ಲಿ ಕಡೆಗೋಲಿನಂಥದ್ದು ತಿರುಗುತ್ತಿರುತ್ತದೆ. ಮೇಲೆ ಸೀಮೆಎಣ್ಣೆ, ಕೆಳಗೆ ಆಸಿಡ್ ನೀರು. ಕಡೆಗೋಲು ಎರಡನ್ನೂ ಕಡೆಯುತ್ತದೆ, ಪಕ್ಕದ ಅಂಕಣದಲ್ಲಿ ಅವು ಮತ್ತೆ ಬೇರೆಯಾಗಿ ನಿಲ್ಲುತ್ತವೆ. ಎಣ್ಣೆ ಈ ಕಡೆಯಿಂದ ಆ ಕಡೆಗೆ ಹರಿದರೆ ನೀರು ಆ ಕಡೆಯಿಂದ ಈ ಕಡೆಗೆ. ಗುಡ್ಡದ ಮಣ್ಣಿಂದ ತೆಗೆದ ಎರಡು ಲೋಹ ಅದರಲ್ಲಿ ಒಟ್ಟಿಗೆ ಬೆರೆತಿವೆ. ಒಂದರ ಹೆಸರು ಪ್ರೇಸಿಯೊಡಿಮಿಯಂ, ಇನ್ನೊಂದರದು ನಿಯೋಡಿಮಿಯಂ. ಆ ಹೆಸರು ಬಾಯಲ್ಲಿ ತಿರುಗದೆ ಹೆಂಗಸರು ಮೊದಲನೆಯದನ್ನು ಹಸಿರಕ್ಕ, ಎರಡನೆಯದನ್ನು ನೇರಳೆ ತಂಗಿ ಅಂದರು. ನೀರಲ್ಲಿ ಕರಗಿದಾಗ ಒಂದು ಎಳೆ ಸೌತೆಕಾಯಿಯ ಹಸಿರು, ಇನ್ನೊಂದು ನೇರಳೆ ಹೂವಿನ ತೆಳು ಬಣ್ಣ. ಅವರಿಬ್ಬರನ್ನೂ ಬೇರೆ ಮಾಡುವುದೇ ಕೆಲಸ.

ಸಾಲು ಹಾಕಿಸಿದವನು ವೆನ್ ಎಂಬ ಇಂಜಿನಿಯರು. ಇಪ್ಪತ್ತೆಂಟರ ಪ್ರಾಯ, ಉತ್ತರದ ಕಡೆಯವನು, ಖಾರ ತಿಂದರೆ ಬಿಕ್ಕಳಿಸುವವನು. ಹೆಂಗಸರು ಬೇಕೆಂದೇ ಅವನ ಬಟ್ಟಲಿಗೆ ಮೆಣಸಿನಕಾಯಿ ಉದುರಿಸಿ, "ವೆನ್ ಇಂಜಿನಿಯರೇ, ಇದು ಬರೀ ಕೆಂಪು ಬಣ್ಣ ಕಣ್ರೀ, ತಿನ್ನಿ" ಅನ್ನುವರು. ಪಾಪ, ತಿನ್ನುವನು.

ಕೆಲಸ ಶುರುವಾದ ಮೊದಲ ವಾರವೇ ಸುಲಾನ್ ಅವನನ್ನು ತಡೆದು ನಿಲ್ಲಿಸಿದಳು.

"ನೂರಿಪ್ಪತ್ತು ತೊಟ್ಟಿ ಯಾಕೆ? ಒಂದೇ ದೊಡ್ಡ ತೊಟ್ಟೀಲಿ ಚೆನ್ನಾಗಿ ಕಡೆದ್ರೆ ಆಗಲ್ವಾ?"

"ಆಗಲ್ಲ ಸುಲಾನಕ್ಕ. ಇಬ್ಬರೂ ಒಂದೇ ತರ. ಒಂದೇ ನಡತೆ, ಒಂದೇ ಗುಣ. ವ್ಯತ್ಯಾಸ ಇರೋದು ಗಾತ್ರದಲ್ಲಿ ಮಾತ್ರ. ಅದೂ ಎಷ್ಟು? ನೂರು ಪಾಲಲ್ಲಿ ಒಂದು ಪಾಲೂ ಇಲ್ಲ."

"ಯಾರು ದಪ್ಪ?"

"ಹಸಿರಕ್ಕ ಒಂಚೂರು ದಪ್ಪ. ನೇರಳೆ ತಂಗಿ ಒಂಚೂರು ಸಣ್ಣ. ಆದ್ರೆ ತೂಕದಲ್ಲಿ ನೇರಳೆ ತಂಗೀನೇ ಹೆಚ್ಚು."

"ತೂಕ ಹೆಚ್ಚು, ಗಾತ್ರ ಕಡಿಮೆ? ಇದ್ಯಾವ ಊರ ನ್ಯಾಯ ಸ್ವಾಮಿ?"

ವೆನ್ ಸೀಮೆಸುಣ್ಣ ತೆಗೆದು ನೆಲದ ಮೇಲೆ ಕೂತ. ಅವನಿಗೆ ಈ ಸೀಮೆಯ ಮನೆಗಳನ್ನು ಕಂಡರೆ ಮೊದಲಿಂದ ಬೆರಗು. ನಡುವೆ ಒಂದು ಚೌಕ ಬರೆದು, ಸುತ್ತಲೂ ಸುತ್ತಿನ ಮೇಲೆ ಸುತ್ತು ಎಳೆದ. ಹನ್ನೆರಡು ಹೆಂಗಸರೂ ಕೈ ಒರೆಸಿಕೊಂಡು ಬಂದು ಸುತ್ತುಗಟ್ಟಿದರು.

"ಪರಮಾಣು ಅಂದ್ರೆ ನಿಮ್ಮ ಮನೇನೇ. ನಡುವೆ ಹಿರಿಯರ ಹಜಾರ. ಅಲ್ಲಿ ಕೂತ ಹಿರಿಯರು ಎಲ್ಲರನ್ನೂ ತಮ್ಮ ಕಡೆಗೆ ಎಳೀತಾ ಇರ್ತಾರೆ. ಈ ಸುತ್ತುಗಳಿಗೆ ಕವಚ ಅಂತೀವಿ. ಅದರಲ್ಲಿ ವಾಸ ಮಾಡೋರು ಎಲೆಕ್ಟ್ರಾನುಗಳು. ಹಜಾರದಲ್ಲಿ ಎಷ್ಟು ಹಿರಿಯರೋ ಸುತ್ತಿನಲ್ಲಿ ಅಷ್ಟು ಜನ. ಸುತ್ತು ತುಂಬಿದ್ರೆ ಏನ್ಮಾಡ್ತೀರಿ?"

"ಹೊರಗೆ ಇನ್ನೊಂದು ಕಟ್ತೀವಿ."

"ಹಾಂ! ಸುತ್ತು ಹೆಚ್ಚಿದ ಹಾಗೆ ಮನೆ ದೊಡ್ಡದು." ಗೋಡೆಗೆ ನೇತುಹಾಕಿದ್ದ ಆವರ್ತ ಕೋಷ್ಟಕದತ್ತ ಕೈ ತೋರಿಸಿದ. "ಆ ಪಟದಲ್ಲಿ ಮೇಲಿಂದ ಕೆಳಗೆ ಬಂದ ಹಾಗೆ ಪರಮಾಣು ದಪ್ಪ ಆಗೋದು ಅದಕ್ಕೇ. ಆದ್ರೆ ಒಂದೇ ಸಾಲಲ್ಲಿ ಎಡಗಡೆಯಿಂದ ಬಲಗಡೆಗೆ ಹೋಗಿ. ಹಜಾರದಲ್ಲಿ ಒಬ್ಬ ಹಿರಿಯ ಹೆಚ್ಚಾಗ್ತಾನೆ, ಸುತ್ತು ಮಾತ್ರ ಅಷ್ಟೇ ಇರುತ್ತೆ. ಎಳೆತ ಜಾಸ್ತಿ ಆಗಿ ಗೋಡೆ ಒಳಕ್ಕೆ ಸರಿಯುತ್ತೆ."

"ಹಂಗಾದ್ರೆ ಪಟದ ಕೆಳಗೆ ಬೇರೆ ಸಾಲಾಗಿ ಕೂತಿದ್ದಾರಲ್ಲ, ಅವರ್ಯಾರು? ಪಂಕ್ತೀಲಿ ಜಾಗ ಸಿಗದೇ ಇದ್ದೋರಾ?" ಕೇಳಿದವಳು ಯೆ ಆಮಾನ್. ಹಗಲು ಪಾಳಿಯ ಮುಖ್ಯಸ್ಥೆ, ಸುಲಾನಳ ಜೊತೆ ಒಂಬತ್ತು ವರ್ಷ ಮಣ್ಣು ತೊಳೆದವಳು, ಬಾಯಿಗೆ ಬೀಗವಿಲ್ಲದವಳು.

"ಅವರೇ ನಮ್ಮೋರು. ಹದಿನೈದು ಜನ ಅಕ್ಕತಂಗೀರು. ಇವರ ಮನೇಲಿ ಹೊಸಬರು ಬಂದ್ರೆ ಹೊರಗಿನ ಸುತ್ತಿನಲ್ಲಿ ಇಡಲ್ಲ. ಒಳಗೆಲ್ಲೋ ಖಾಲಿ ಬಿಟ್ಟಿದ್ದ ಕೋಣೆಗಳಿವೆ, ಅಲ್ಲಿಗೆ ಕಳಿಸ್ತಾರೆ. ಹೊರಗಿಂದ ನೋಡಿದ್ರೆ ಎಲ್ಲಾ ಮನೆಯ ಮುಂಬಾಗಿಲೂ ಒಂದೇ ತರ. ಅದಕ್ಕೇ ಗುರುತು ಸಿಗಲ್ಲ. ಆದ್ರೆ ಒಳಕೋಣೆಯೋರು ಹಿರಿಯರ ಎಳೆತಕ್ಕೆ ಪೂರ್ತಿ ಅಡ್ಡ ನಿಲ್ಲಲಾರರು. ಒಬ್ಬೊಬ್ಬರು ಸೇರಿದ ಹಾಗೆ ಹೊರಗೋಡೆ ಕೂದಲೆಳೆಯಷ್ಟು ಒಳಕ್ಕೆ ಬರುತ್ತೆ. ಹಿರಿಯಕ್ಕ ಎಲ್ಲರಿಗಿಂತ ದಪ್ಪ. ಹದಿನೈದನೇ ತಂಗಿ ಎಲ್ಲರಿಗಿಂತ ತೂಕ, ಎಲ್ಲರಿಗಿಂತ ಸಣ್ಣ."

"ನಮ್ಮತ್ತೆ ಮನೇನೂ ಹಂಗೇ," ಅಂದಳು ಆಮಾನ್. "ಒಬ್ಬೊಬ್ಬ ಸೊಸೆ ಬಂದ ಹಾಗೆ ನನ್ನ ಕೋಣೆ ಚಿಕ್ಕದಾಗ್ತಾ ಹೋಯ್ತು."

ಎಲ್ಲರೂ ಗೊಳ್ಳೆಂದರು. ಸುಲಾನ್ ನಗಲಿಲ್ಲ. ಅವಳು ನೆಲದ ಮೇಲಿನ ಸುತ್ತುಗಳನ್ನೇ ನೋಡುತ್ತಿದ್ದಳು. ಜನ ಹೆಚ್ಚಿದಷ್ಟೂ ಕುಗ್ಗುವ ಮನೆ! ಹೊರಗೆ ನಿಂತವರಿಗೆ ಕಾಣದ ಕೋಣೆಯಲ್ಲಿ ಯಾರೋ ಒಬ್ಬರು ಬಂದು ಸೇರಿದರೆ ಇಡೀ ಮನೆಯ ಗೋಡೆ ಸರಿಯುವುದು!

"ಎಣ್ಣೇಲಿ ಒಂದು ಮದ್ದು ಹಾಕಿದೀವಿ," ವೆನ್ ಮುಂದುವರಿಸಿದ. "ಅದು ಕೈಯಿದ್ದ ಹಾಗೆ. ಸಣ್ಣ ಗಾತ್ರದ್ದನ್ನ ಒಂಚೂರು ಬಿಗಿಯಾಗಿ ಹಿಡಿಯುತ್ತೆ, ದಪ್ಪದ್ದನ್ನ ಒಂಚೂರು ಸಡಿಲ. ಒಂದು ತೊಟ್ಟೀಲಿ ಏನೂ ಗೊತ್ತಾಗಲ್ಲ. ಹತ್ತರಲ್ಲೂ ಗೊತ್ತಾಗಲ್ಲ. ನೂರಿಪ್ಪತ್ತು ಸಲ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಕೊನೆಗೆ ಆ ತುದೀಲಿ ಬರೀ ನೇರಳೆ, ಈ ತುದೀಲಿ ಬರೀ ಹಸಿರು. ನಾವು ಮಾಡೋದು ಏನೂ ಇಲ್ಲ ಅಕ್ಕ. ಅವು ತಮ್ಮ ಗಾತ್ರ ತಾವೇ ಬಲ್ಲವು."

ಅವು ತಮ್ಮ ಗಾತ್ರ ತಾವೇ ಬಲ್ಲವು. ಆ ಮಾತನ್ನು ಸುಲಾನ್ ಮನೆಗೆ ಹೊತ್ತುಕೊಂಡು ಹೋದಳು. ಗಂಡನಿಗೆ ಹೇಳಿದಳು. ಅವನು ಗೆಣಸಿನ ಹಪ್ಪಳ ಅಗಿಯುತ್ತಾ, "ಹಂಗಾದ್ರೆ ಅವು ನಮ್ಮ ಊರ ಮುಖಂಡನಿಗಿಂತ ಎಷ್ಟೋ ವಾಸಿ" ಅಂದ.

ಸಾಲಿನ ನಡುವೆ ಎಲ್ಲೋ ಹಸಿರು ಮುಗಿದು ನೇರಳೆ ಶುರುವಾಗುವ ಗಡಿ ಇರುತ್ತದೆ. ಅಲ್ಲಿ ಎರಡೂ ಬೆರೆತು ಚಹಾ ತೊಳೆದ ನೀರಿನ ಹಾಗೆ ಮಂಕು. ಆ ಗಡಿ ಅರವತ್ತನಾಲ್ಕನೆಯ ತೊಟ್ಟಿಯಲ್ಲಿ ನಿಂತರೆ ಎರಡು ತುದಿಯೂ ಶುದ್ಧ ಅಂತ ವೆನ್ ಲೆಕ್ಕ ಹಾಕಿದ್ದ. ಅದರ ಅಂಚಿಗೆ ಸುಲಾನ್ ಒಂದು ಕೆಂಪು ದಾರ ಕಟ್ಟಿದಳು. ಪಾಳಿ ಬದಲಾಗುವಾಗ ಗಡಿ ದಾರದ ಹತ್ತಿರವೇ ಇದ್ದರೆ ಮರ್ಯಾದೆ. ಆಚೀಚೆ ಸರಿದಿದ್ದರೆ ಬರುವ ಪಾಳಿಯವರು ಸುಮ್ಮನಿರುವರೇ? "ಏನ್ರಮ್ಮಾ, ನಿಮ್ಮ ಎಮ್ಮೆ ನಮ್ಮ ಗದ್ದೆಗೆ ನುಗ್ಗಿದೆ!" ಅಂತ ಚಪ್ಪಾಳೆ ತಟ್ಟುವರು. ಅದಕ್ಕೆ ಗಡಿ ಸರಿದಿದೆ ಅನ್ನಿಸಿದಾಗ ಪಾಳಿ ಮುಗಿಯುವ ಮುಂಚೆ ಆಸಿಡ್ ನಲ್ಲಿಯನ್ನು ಸದ್ದಿಲ್ಲದೆ ಕಾಲು ಸುತ್ತು ತಿರುಗಿಸುವುದು ರೂಢಿಯಾಯಿತು. ಹೆಚ್ಚು ತೆರೆದರೆ ನೇರಳೆ ಹಸಿರಿನ ಕಡೆಗೆ ಸರಿಯುತ್ತದೆ, ಕಡಿಮೆ ಮಾಡಿದರೆ ಹಸಿರು ನೇರಳೆಯ ಕಡೆಗೆ. ತನಗೆ ಹೇಳದೆ ನಲ್ಲಿ ಮುಟ್ಟಬಾರದು ಅಂತ ವೆನ್ ಅಪ್ಪಣೆ ಮಾಡಿದ್ದ. ಆದರೆ ಕಾಲು ಸುತ್ತು ತಾನೆ? ಮನೆಯಲ್ಲಿ ಸಾರಿಗೆ ಒಂದು ಚಿಟಿಕೆ ಉಪ್ಪು ಹಾಕಿದ್ದನ್ನು ಯಾರು ಯಾರಿಗೆ ಹೇಳುತ್ತಾರೆ?

ಕಾರ್ಖಾನೆಯ ಮ್ಯಾನೇಜರು ಯಾನ್ ಐವತ್ತು ದಿನ ಕೊಟ್ಟಿದ್ದ. ಐವತ್ತನೆಯ ದಿನ ನೇರಳೆಯ ತುದಿಯಿಂದ ತೆಗೆದ ಮಾದರಿ ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಪಾಲು ಶುದ್ಧವಿರಬೇಕು. ಇದ್ದರೆ ಅಯಸ್ಕಾಂತ ಮಾಡುವವರು ಕೊಳ್ಳುತ್ತಾರೆ, ಸಾಲು ಉಳಿಯುತ್ತದೆ. ಇಲ್ಲದಿದ್ದರೆ ತೊಟ್ಟಿ ಖಾಲಿ ಮಾಡಿ ಹನ್ನೆರಡು ಹೆಂಗಸರೂ ವಾಪಸ್ ಗುಡ್ಡಕ್ಕೆ, ಮೊಣಕಾಲುದ್ದ ಉಪ್ಪುನೀರಿಗೆ. ಆಗ ಹೊರಗೆ ಚಳಿಗಾಲ.

ಮೊದಲ ಮೂವತ್ತು ದಿನ ಎಲ್ಲವೂ ಸರಿಯಾಗಿತ್ತು. ಗಡಿ ದಾರದ ಬಳಿ ಬಂದು ನಿಂತಿತ್ತು. ಆಗ ಸುಲಾನ್ ಇನ್ನೊಂದು ಕೆಲಸಕ್ಕೆ ಕೈಹಾಕಿದಳು. ಶೆಡ್ಡಿನಲ್ಲಿದ್ದದ್ದು ಹೊಗೆ ಹಿಡಿದ ಬಲ್ಬುಗಳು. ಸಂಜೆ ಪಾಳಿಯ ಹೆಂಗಸರಿಗೆ ಕಣ್ಣುನೋವು. ಸುಲಾನ್ ಮೂರು ಸಲ ಯಾನ್‌ನ ಕೋಣೆಗೆ ಹೋಗಿ ಜಗಳ ಮಾಡಿ, ಕೊನೆಗೆ ಟ್ಯೂಬ್‌ಲೈಟು ಹಾಕಿಸಿದಳು. ಮೂವತ್ತೊಂದನೆಯ ದಿನ ಸಂಜೆ ಇಡೀ ಶೆಡ್ಡು ಹಾಲು ಚೆಲ್ಲಿದ ಹಾಗೆ ಬೆಳಗಿತು. "ಸುಲಾನಕ್ಕ ಸೂರ್ಯನ್ನೇ ತಂದ್ಬಿಟ್ಳು!" ಅಂತ ಹೆಂಗಸರು ಕುಣಿದರು.

ಅದೇ ರಾತ್ರಿ ತನ್ನ ಪಾಳಿಯಲ್ಲಿ ಎಪ್ಪತ್ತರಲ್ಲೂ ಹಸಿರು ಕಂಡಂತಾಗಿ ಸುಲಾನ್ ನಲ್ಲಿಯನ್ನು ಕಾಲು ಸುತ್ತು ಹೆಚ್ಚು ಮಾಡಿದಳು. ಮೂರನೆಯ ದಿನಕ್ಕೆ ಗಡಿ ಅಲುಗಾಡಿತು.

ಬೆಳಗಿನ ಪಾಳಿಗೆ ಬಂದ ಆಮಾನ್ ಅರವತ್ತನೆಯ ತೊಟ್ಟಿಯಲ್ಲೇ ನೇರಳೆ ಕಂಡು, "ಅಯ್ಯೋ, ನೇರಳೆ ನುಗ್ಗಿದೆ" ಅಂತ ನಲ್ಲಿಯನ್ನು ಕಾಲು ಸುತ್ತು ಕಡಿಮೆ ಮಾಡಿದಳು. ಸಂಜೆ ಪಾಳಿಯವರು ಎಪ್ಪತ್ತರಲ್ಲಿ ಹಸಿರಿನ ಛಾಯೆ ಕಂಡು, ಹಸಿರು ನುಗ್ಗಿದೆ ಅಂತ ಕಾಲು ಸುತ್ತು ಹೆಚ್ಚು ಮಾಡಿದರು. ರಾತ್ರಿ ಪಾಳಿಯ ಸುಲಾನಳಿಗೂ ಹಸಿರೇ ಕಂಡಿತು. ಅವಳೂ ಮತ್ತೆ ಹೆಚ್ಚು ಮಾಡಿದಳು. ನಲ್ಲಿ ತಿರುಗಿಸಿದ ಪರಿಣಾಮ ಗಡಿಗೆ ಮುಟ್ಟುವುದು ಎರಡು ಮೂರು ದಿನದ ಮೇಲೆ. ಅಷ್ಟರಲ್ಲಿ ಮೂರೂ ಪಾಳಿಯವರು ಸೇರಿ ಆರೇಳು ಸಲ ತಿರುಗಿಸಿರುತ್ತಾರೆ. ಗಡಿ ಜೋಕಾಲಿ ಹತ್ತಿದಂತೆ ಐವತ್ತೆಂಟಕ್ಕೆ ಹೋಯಿತು, ಎಪ್ಪತ್ತೈದಕ್ಕೆ ಬಂತು, ಮತ್ತೆ ಐವತ್ತೈದಕ್ಕೆ. ಪಾಳಿ ಬದಲಾವಣೆ ಅಂದರೆ ಜಗಳವಾಯಿತು.

"ಕಣ್ಣಿಗೆ ಏನಾಗಿದೆ ನಿನಗೆ? ಇದು ಹಸಿರಾ?" ಆಮಾನ್ ರೇಗುವಳು.

"ನನ್ನ ಕಣ್ಣಿನ ಸುದ್ದಿಗೆ ಬರಬೇಡ. ಬಣ್ಣ ಹಾಕೋನ ಮಗಳು ನಾನು."

"ನಾನೇನು ಕುರುಡನ ಮಗಳಾ?"

ವೆನ್ ಮೂರು ದಿನ ನಿದ್ದೆಗೆಟ್ಟ. ಎಣ್ಣೆ ಪರೀಕ್ಷಿಸಿದ, ಕಡೆಗೋಲು ಪರೀಕ್ಷಿಸಿದ, ತಲೆಯ ಮೇಲೆ ಕೈ ಹೊತ್ತು ಕೂತ. ಮೂವತ್ತೆಂಟನೆಯ ದಿನ ಯಾನ್ ಬಂದು ತೊಟ್ಟಿಗಳ ಉದ್ದಕ್ಕೂ ಕೈ ಹಿಂದಕ್ಕೆ ಕಟ್ಟಿ ನಡೆದು, "ಇನ್ನು ಹನ್ನೆರಡೇ ದಿನ" ಅಂತಷ್ಟೇ ಹೇಳಿ ಹೋದ. ಬೈದಿದ್ದರೆ ಮೇಲಾಗಿತ್ತು.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ಸುಲಾನ್ ಪಾಳಿ ಮುಗಿಸುವ ಮುಂಚೆ ಎಪ್ಪತ್ತೆರಡನೆಯ ತೊಟ್ಟಿಯ ನೀರನ್ನು ಗಾಜಿನ ಬಾಟಲಿಗೆ ತುಂಬಿದಳು. ಆಮಾನಳ ಮೂಗಿಗೆ ಹಿಡಿದು ‘ನೋಡು, ಹಸಿರು’ ಅನ್ನಬೇಕಿತ್ತು ಅವಳಿಗೆ. ಟ್ಯೂಬ್‌ಲೈಟಿನ ಕೆಳಗೆ ಎತ್ತಿ ನೋಡಿದಳು. ಮಂಕು ನೀಲಿ ಬೆರೆತ ಹಸಿರು, ಸಂಶಯವೇ ಇಲ್ಲ. ಆಮಾನ್ ಇನ್ನೂ ಬಂದಿರಲಿಲ್ಲ. ಅವಳನ್ನು ದಾರಿಯಲ್ಲೇ ಹಿಡಿಯೋಣ ಅಂತ ಬಾಟಲಿ ಹಿಡಿದು ಬಿರಬಿರನೆ ಶೆಡ್ಡಿನ ದೊಡ್ಡ ಬಾಗಿಲು ದಾಟಿದಳು. ಹೊರಗೆ ಕೆಂಪು ಗುಡ್ಡದ ಹಿಂದಿನಿಂದ ಆಗ ತಾನೇ ಸೂರ್ಯ ಮೇಲೆದ್ದಿದ್ದ. ಅಂಗಳದ ತುದಿಯಲ್ಲಿ ಆಮಾನ್ ಬರುವುದು ಕಂಡಿತು.

"ಏ ಆಮಾನ್, ಬಾ ಇಲ್ಲಿ, ಇದು..." ಅಂತ ಬಾಟಲಿ ಮೇಲೆತ್ತಿದಳು.

ಬಾಟಲಿಯಲ್ಲಿ ನೇರಳೆ ಇತ್ತು.

ಅಚ್ಚ ನೇರಳೆ. ಒಂದು ಹನಿ ಹಸಿರಿಲ್ಲ. ಸುಲಾನ್ ಬಾಟಲಿ ಬದಲಾಯಿತೇ ಅಂತ ನೋಡಿದಳು. ಅದೇ ಬಾಟಲಿ, ಅದೇ ಬಿರಡೆ. ತಿರುಗಿ ಶೆಡ್ಡಿನೊಳಗೆ ನಾಲ್ಕು ಹೆಜ್ಜೆ ಇಟ್ಟಳು. ಟ್ಯೂಬಿನ ಬೆಳಕು ಬಿದ್ದದ್ದೇ ಕೈಯೊಳಗೇ ನೇರಳೆ ಸೋರಿಹೋಗಿ ಹಸಿರಾಯಿತು. ಹೊರಗೆ ಬಂದಳು: ನೇರಳೆ. ಒಳಗೆ: ಹಸಿರು. ಹೊರಗೆ: ನೇರಳೆ. ಆಮಾನ್ ಬುತ್ತಿ ಹಿಡಿದು ಬಾಗಿಲಲ್ಲೇ ನಿಂತಳು.

"ಏನಾಯ್ತೇ ನಿನಗೆ? ಗಾಳಿ ಸೋಕಿತಾ?"

ಸುಲಾನ್ ಹೊಸ್ತಿಲ ಮೇಲೆ ಕೂತಳು. ಮೂವತ್ತು ವರ್ಷದ ಹಿಂದಿನ ದನಿಯೊಂದು ಕಿವಿಯಲ್ಲಿ ಗೊಣಗಿತು. ಬಾಗಿಲಿಗೆ ತಗೊಂಡ್ಹೋಗಿ ನೋಡು. ಬಣ್ಣ ಹಾಕುವವನ ಮಗಳು, ಮೈತುಂಬ ಹೆಮ್ಮೆ, ಬಾಗಿಲನ್ನೇ ಮರೆತಿದ್ದಳು.

ಈಗ ಹೇಳಬೇಕೇ ಬೇಡವೇ? ಹೇಳಿದರೆ ಟ್ಯೂಬ್‌ಲೈಟು ಹಾಕಿಸಿದವಳು ತಾನು, ವೆನ್‌ಗೆ ಹೇಳದೆ ನಲ್ಲಿ ತಿರುಗಿಸಿದವಳು ತಾನು, ತಪ್ಪಿದ್ದು ಇಡೀ ಸೀಮೆಯೇ ಹೊಗಳುವ ತನ್ನ ಕಣ್ಣು ಅಂತ ಒಪ್ಪಬೇಕು. ಆಮಾನ್‌ ಮುಂದೆ, ಯಾನ್ ಮುಂದೆ. ಸುಮ್ಮನಿದ್ದರೆ ಹನ್ನೊಂದು ದಿನಕ್ಕೆ ಎಲ್ಲರೂ ಗುಡ್ಡಕ್ಕೆ. ಸುಲಾನ್ ತನ್ನ ಬಿರಿದ ಕಾಲ್ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಎದ್ದು ಮೂರು ಪಾಳಿಯವರನ್ನೂ ಕರೆಸಿದಳು. ಯಾನ್‌ನನ್ನೂ ಕರೆಸಿದಳು.

ಬಾಟಲಿ ಹಿಡಿದು ಎಲ್ಲರ ಮುಂದೆ ಒಳಗೆ ಹೊರಗೆ ನಡೆದು ತೋರಿಸಿದಳು. ಹೆಂಗಸರು "ಅಮ್ಮಮ್ಮಾ!" ಅಂತ ಬಾಯಿಗೆ ಕೈ ಒತ್ತಿಕೊಂಡರು. ಯಾನ್ ಬಾಟಲಿ ಕಸಿದುಕೊಂಡು ತಾನೇ ಎರಡು ಸಲ ಹೋಗಿಬಂದ.

"ಮೊದಲು ಗಡಿ ಸರಿದಿರಲಿಲ್ಲ," ಅಂದಳು ಸುಲಾನ್. "ಬೆಳಕು ಬದಲಾಗಿತ್ತು. ನಾವು ಇಲ್ಲದ ರೋಗಕ್ಕೆ ಮದ್ದು ಕೊಟ್ವಿ. ಮೊದಲು ಕೊಟ್ಟೋಳು ನಾನು. ವೆನ್‌ಗೆ ಹೇಳ್ದೆ ಎಂಟು ದಿನದಲ್ಲಿ ಐದು ಸಲ ನಲ್ಲಿ ಹೆಚ್ಚು ಮಾಡಿದೀನಿ. ನನ್ನ ಕಣ್ಣು ತಪ್ಪು ಮಾಡ್ತು. ಹಗಲು ಬೆಳಕಲ್ಲಿ ನೋಡಿದ ಆಮಾನಳದ್ದು ಸರಿಯಿತ್ತು."

ಆಮಾನ್ ಕೆಮ್ಮಿದಳು. "ನಾನೂ ಏಳು ಸಲ ಕಡಿಮೆ ಮಾಡಿದೀನಿ," ಅಂದಳು. "ಎಂಟು. ಒಂದು ಸಲ ಬರೀ ನಿನ್ನ ಮೇಲಿನ ಸಿಟ್ಟಿಗೆ." ಆಮೇಲೆ ಒಬ್ಬೊಬ್ಬರೂ ಬಾಯಿಬಿಟ್ಟರು.

ವೆನ್ ಕೋಪ ಮಾಡಿಕೊಳ್ಳಲಿಲ್ಲ. ಅವನು ಬಾಟಲಿಯನ್ನು ಸೂರ್ಯನಿಗೆ ಹಿಡಿದು ಮಗುವಿನಂತೆ ನೋಡುತ್ತಿದ್ದ. "ಓದಿದ್ದೆ," ಅಂದ ಮೆಲ್ಲಗೆ. "ಓದಿದ್ದೆ, ಪರೀಕ್ಷೇಲಿ ಬರೆದೂ ಇದ್ದೆ. ಎಂದೂ ಕಂಡಿರಲಿಲ್ಲ."

"ಯಾಕೆ ಹಿಂಗಾಗುತ್ತೆ?" ಕೇಳಿದಳು ಸುಲಾನ್.

"ಅದೇ ಒಳಕೋಣೆಯೋರು ಅಕ್ಕ. ಮನೆ ಕುಗ್ಗಿಸಿದೋರೇ ಬಣ್ಣಾನೂ ಕೊಡೋರು. ಹೊರಗಿನ ಸುತ್ತಿನೋರಾದ್ರೆ ಪಕ್ಕದ ಮನೆಯೋರ ಜೊತೆ ಮಾತಾಡ್ತಾ ಎಲ್ಲಾ ಬೆಳಕಿನ ಜೊತೇನೂ ಬೆರೀತಾರೆ. ಇವರು ಒಳಗೆ, ಗೋಡೆಯಿಂದಾಚೆ. ತಮಗೆ ಬೇಕಾದ ಒಂದೆರಡು ಎಳೆ ಬೆಳಕು ಮಾತ್ರ ಹಿಡ್ಕೋತಾರೆ, ಉಳಿದದ್ದು ಬಿಡ್ತಾರೆ. ಸೂರ್ಯನಲ್ಲಿ ಎಲ್ಲಾ ಎಳೇನೂ ಇರುತ್ತೆ. ಬಲ್ಬಿನಲ್ಲೂ ಇರುತ್ತೆ. ಟ್ಯೂಬಿನಲ್ಲಿ ಎಷ್ಟೋ ಎಳೆ ಕಡಿಮೆ. ಅದಕ್ಕೆ ಉಳಿಯೋ ಬಣ್ಣಾನೇ ಬೇರೆ."

ಸುಲಾನ್ ಬಾಟಲಿಯನ್ನು ತನ್ನ ಕೈಗೆ ತೆಗೆದುಕೊಂಡಳು. ಯಾರೂ ನೋಡದ ಕೋಣೆ, ಯಾರೂ ನೋಡದ ಜನ. ಅವರು ಒಬ್ಬರು ಹೆಚ್ಚಾದದ್ದಕ್ಕೆ ಗೋಡೆ ಕೂದಲೆಳೆ ಸರಿಯಿತು. ಅದಕ್ಕೆ ನೂರಿಪ್ಪತ್ತು ತೊಟ್ಟಿ, ಹನ್ನೆರಡು ಹೆಂಗಸರು. ಅವರೇ ಸೂರ್ಯನ ಬೆಳಕಲ್ಲಿ ಒಂದು ಎಳೆ ಹಿಡಿದದ್ದಕ್ಕೆ ಈ ನೇರಳೆ. ಆಮೇಲೆ ಕೇಳಿದಳು: "ಈಗ ಏನ್ಮಾಡೋದು?"

"ಏನೂ ಮಾಡಬಾರದು," ಅಂದ ವೆನ್. "ನಲ್ಲಿ ಮೊದಲಿನ ಗುರುತಿಗೆ ತಂದು, ಒಂಬತ್ತು ದಿನ ಯಾರೂ ಮುಟ್ಟಬಾರದು."

"ಒಂಬತ್ತು ದಿನ ಸುಮ್ನೆ ಕೂರೋದಾ?" ಯಾನ್ ಸಿಡಿದ. "ಸಂಬಳ ಕೊಟ್ಟು?"

"ಕೂರ್ತೀವಿ ಮ್ಯಾನೇಜರೇ," ಅಂದಳು ಸುಲಾನ್. "ಸುಮ್ಮನೆ ಕೂರೋದು ಎಷ್ಟು ಕಷ್ಟದ ಕೆಲಸ ಅಂತ ನಿಮಗೆ ಗೊತ್ತಿಲ್ಲ."

ನಿಜಕ್ಕೂ ಗೊತ್ತಿರಲಿಲ್ಲ. ಸುಲಾನ್ ನಲ್ಲಿಯ ಪಕ್ಕ ಒಂದು ಬಿದಿರು ಮಣೆ ಹಾಕಿಕೊಂಡಳು. ತನ್ನ ಪಾಳಿ ಮುಗಿದರೂ ಅರ್ಧ ಹಗಲು ಅಲ್ಲೇ. ಅರವತ್ತನಾಲ್ಕರ ತಲೆಯ ಮೇಲೆ ಹಳೆಯ ಬಲ್ಬೊಂದನ್ನು ವೆನ್ ಮತ್ತೆ ತೂಗುಹಾಕಿದ. ಹಿಂದೆ ಮಾಡಿದ ತಪ್ಪುಗಳೆಲ್ಲ ಈಗ ಒಂದೊಂದಾಗಿ ಗಡಿಗೆ ಮುಟ್ಟುತ್ತಿದ್ದವು. ನಲವತ್ತೊಂದನೆಯ ದಿನ ಗಡಿ ಎಪ್ಪತ್ತೆಂಟಕ್ಕೆ ಓಡಿತು. ನೋಡಲಾರದೆ ಆಮಾನಳ ಕೈ ನಲ್ಲಿಯತ್ತ ಹೋಯಿತು. ಸುಲಾನ್ ಅವಳ ಮಣಿಕಟ್ಟು ಹಿಡಿದಳು.

"ಬಿಡೇ, ಒಂದೇ ಒಂದು ಕಾಲು ಸುತ್ತು. ಜೀವ ಹೋಗ್ತಿದೆ."

"ಹೋಗ್ಲಿ. ಕೂತ್ಕೊ. ಗೆಣಸು ತಿನ್ನು."

ಇಬ್ಬರೂ ಕೂತು ಒಣಗೆಣಸು ಜಗಿದರು. ನಲವತ್ನಾಲ್ಕನೆಯ ದಿನ ಗಡಿ ಅರವತ್ತಕ್ಕೆ ಹಿಂತಿರುಗಿತು. ಯಾನ್ ಬಂದು, "ನೋಡಿ, ಮತ್ತೆ ತಪ್ಪಿತು, ತಿರುಗಿಸಿ!" ಅಂತ ಕೂಗಾಡಿದ. ಸುಲಾನ್ ಮಣೆಯಿಂದ ಏಳಲಿಲ್ಲ. "ಅವು ತಮ್ಮ ಗಾತ್ರ ತಾವೇ ಬಲ್ಲವು ಮ್ಯಾನೇಜರೇ. ನಾವು ನಡುವೆ ಬಾಯಿ ಹಾಕಬಾರದು." ಹೇಳಿದಳೇ ಹೊರತು ಅವಳಿಗೂ ಖಾತ್ರಿಯಿರಲಿಲ್ಲ. ಕಣ್ಣು ಒಂದು ಸಲ ಮೋಸ ಮಾಡಿದ ಮೇಲೆ ಮನುಷ್ಯ ಯಾವುದನ್ನು ನೆಚ್ಚಬೇಕು? ಅವಳು ನೆಚ್ಚಿದ್ದು ಕಾಣದ ಆ ಕೂದಲೆಳೆಯಷ್ಟು ಅಂತರವನ್ನು.

ನಲವತ್ತಾರಕ್ಕೆ ಅರವತ್ತೇಳು. ನಲವತ್ತೇಳಕ್ಕೆ ಅರವತ್ತಮೂರು. ಜೋಕಾಲಿ ಸುಸ್ತಾಗುತ್ತಿತ್ತು. ನಲವತ್ತೊಂಬತ್ತನೆಯ ದಿನ ಬೆಳಿಗ್ಗೆ ಹನ್ನೆರಡು ಹೆಂಗಸರೂ, ಪಾಳಿ ಇದ್ದವರೂ ಇಲ್ಲದವರೂ, ಸಾಲಿನ ಉದ್ದಕ್ಕೂ ನಿಂತಿದ್ದರು. ಸುಲಾನ್ ಅರವತ್ತಮೂರು, ಅರವತ್ತನಾಲ್ಕು, ಅರವತ್ತೈದರಿಂದ ಒಂದೊಂದು ಬಾಟಲಿ ತುಂಬಿ ಬಾಗಿಲಿಗೆ ನಡೆದಳು. ಬಿಸಿಲಿಗೆ ಹಿಡಿದಳು. ಮೊದಲನೆಯದರಲ್ಲಿ ಹಸಿರಿನ ಛಾಯೆ, ಮೂರನೆಯದರಲ್ಲಿ ನೇರಳೆಯ ಛಾಯೆ, ನಡುವಿನದು ಚಹಾ ತೊಳೆದ ನೀರು.

ಕೆಂಪು ದಾರದ ಬುಡದಲ್ಲೇ. ಯಾರೂ ಮುಟ್ಟದೆ.

ತೊಟ್ಟಿಗಳ ಕಡೆಗೋಲುಗಳು ಗುಳುಗುಳು ತಿರುಗುತ್ತಿದ್ದವು. ಆ ಹೊತ್ತಿನಲ್ಲಿ ಅಲ್ಲಿ ನಿಂತವರಿಗೆಲ್ಲ, ತಾವು ಯಾವುದೋ ದೊಡ್ಡ ಮನೆಯ ಹೊರ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದೇವೆ, ಒಳಗೆ ಯಾರೋ ತಮ್ಮ ಪಾಡಿಗೆ ಬಾಳುತ್ತಿದ್ದಾರೆ ಅನ್ನಿಸಿತು.

ಐವತ್ತನೆಯ ದಿನ ಮಾದರಿ ಹೋಯಿತು. ವೆನ್ ಎರಡು ಸಲ ಅಳೆದ, ಮೂರನೆಯ ಸಲ ಕಣ್ಣೊರೆಸಿಕೊಂಡು ಅಳೆದ. ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತಕ್ಕೂ ಒಂದು ಕೂದಲು ಮೇಲೆ. ನೇರಳೆ ನೀರನ್ನು ಗಟ್ಟಿ ಮಾಡಿ, ಸುಟ್ಟು ಪುಡಿ ಮಾಡಿದ್ದನ್ನು ಬೋಗುಣಿಯಲ್ಲಿ ಹಾಕಿ ಯಾನ್‌ಗೆ ಕೊಟ್ಟರು. ಅವನು ಸಂಭ್ರಮದಿಂದ ತನ್ನ ಕೋಣೆಗೆ ಒಯ್ದು, ಟ್ಯೂಬ್‌ಲೈಟಿನ ಕೆಳಗಿಟ್ಟು, ಮುಚ್ಚಳ ತೆಗೆದು ಹೌಹಾರಿದ.

"ವೆನ್! ನೇರಳೆ ಅಂದಿದ್ರಿ, ಇದು ನೀಲಿ ಇದೆಯಲ್ರೀ!"

ಹನ್ನೆರಡು ಹೆಂಗಸರೂ ಒಂದೇ ಗಂಟಲಲ್ಲಿ ಕೂಗಿದರು: "ಬಾಗಿಲಿಗೆ ತನ್ನಿ ಮ್ಯಾನೇಜರೇ!"

ಆ ಸಾಲು ಇನ್ನೂ ಹದಿನೇಳು ವರ್ಷ ನಡೆಯಿತು. ಪಾಳಿ ಬದಲಾಗುವಾಗ ದಾರ ನೋಡಿ ಗೇಲಿ ಮಾಡುವ ರೂಢಿ ನಿಂತಿತು. ಬದಲಿಗೆ ಹೋಗುವ ಪಾಳಿಯವಳೂ ಬರುವ ಪಾಳಿಯವಳೂ ಬಾಟಲಿಯನ್ನು ಸೇರಿ ಹಿಡಿದು ನೋಡುವರು. ಬಿಸಿಲಿದ್ದರೆ ಬಾಗಿಲಲ್ಲಿ, ಕತ್ತಲಾಗಿದ್ದರೆ ಆ ಹಳೆಯ ಬಲ್ಬಿನ ಕೆಳಗೆ. ಆಮೇಲೆ ವೆನ್‌ಗೆ ಹೇಳುವರು. ಸುಲಾನಳ ಕಾಲ್ಬೆರಳು ವಾಸಿಯಾದವು. ಹೊಸದಾಗಿ ಸೇರಿದ ಹುಡುಗಿಯರು ಅವಳನ್ನು "ಲಾಯ್ ಮೇಸ್ತ್ರಿ" ಅಂದರೆ ಅವಳು ಮೊದಲು ಹೇಳುತ್ತಿದ್ದದ್ದು ತನ್ನ ಕಣ್ಣು ತಪ್ಪಿದ ಕತೆಯನ್ನೇ. ಸಂತೆಯಲ್ಲಿ ಬಟ್ಟೆಯವನಿಗೂ ಬಿಡುವು ಸಿಕ್ಕಿತು. ಈಗ ಅವಳು ಥಾನನ್ನು ಅಂಗಡಿಯ ಡೇರೆಯಿಂದ ಹೊರಗೆ ಬಿಸಿಲಿಗೆ ಒಯ್ದು ನೋಡದೆ ಬಾಯಿ ಬಿಡುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಹೊಸ ವರ್ಷದ ಎರಡನೆಯ ದಿನ ತವರಿಗೆ ಹೋಗುವಳು. ಹಿರಿಯರಿಗೆ ಊದುಬತ್ತಿ ಹಚ್ಚಿ, ಸಿಹಿ ಅಕ್ಕಿಮದ್ಯ ಕುಡಿದು ಎಲ್ಲರೂ ಹರಟುತ್ತಿರುವಾಗ ಅವಳು ಎದ್ದು ಮನೆಯ ನಾಲ್ಕು ಸುತ್ತನ್ನೂ ಒಂದೊಂದಾಗಿ ನಡೆಯುವಳು. ಅಪ್ಪನ ಕೋಣೆಯಿಂದ ಶುರುಮಾಡಿ ಒಳಗೆ, ಒಳಗೆ. ಎರಡನೆಯ ಸುತ್ತಿನಲ್ಲಿ ಬೆಳಕು ಬಾರದ ಒಂದು ಸಣ್ಣ ಕೋಣೆ. ಒಂದು ವರ್ಷ ಅದರಲ್ಲಿ ಹೊಸದಾಗಿ ಮದುವೆಯಾಗಿ ಬಂದ ಸೊಸೆಯನ್ನು ಇರಿಸಿದ್ದರು. ಹುಡುಗಿ ಬಾಗಿಲಲ್ಲಿ ನಿಂತು ನಾಚಿಕೊಂಡು, "ಏನು ನೋಡ್ತಿದೀರ ಅತ್ತೆ?" ಅಂದಳು.

ಸುಲಾನ್ ಗೋಡೆಯ ಮೇಲೆ ಅಂಗೈ ಊರಿದಳು. ತಣ್ಣಗಿನ ಮಣ್ಣುಗೋಡೆ.

"ನೀನು ಬಂದ್ಯಲ್ಲ," ಅಂದಳು. "ಗೋಡೆ ಎಷ್ಟು ಸರೀತು ಅಂತ ನೋಡ್ತಿದೀನಿ."